ಸತ್ಯವೇದದ ಕಠಿಣ ಭಾಗಗಳನ್ನು ಎದುರಿಸುವ ಆರು ದಾರಿಗಳು: ಯಾವುದನ್ನು ಯಾವಾಗ ಹಿಡಿಯಬೇಕು?

ವಿಧೇಯತೆಯ ಬಗ್ಗೆ ಪ್ರಸಂಗ ಮಾಡುವವರು 1 ಸಮುವೇಲ 15ನೆಯ ಅಧ್ಯಾಯದ 22ನೆಯ ವಚನಕ್ಕೆ ಬಂದೇ ಬರುತ್ತಾರೆ. ಯಜ್ಞಕ್ಕಿಂತ ದೇವರ ಮಾತು ಕೇಳುವುದೇ ಮೇಲು ಎಂದು ಪ್ರವಾದಿ ಸಮುವೇಲನು ಇಸ್ರಾಯೇಲ್ಯರ ಅರಸ ಸೌಲನಿಗೆ ಹೇಳುವ ಮಾತು ಅಲ್ಲಿದೆ. ಅದೇ ಅಧ್ಯಾಯದ 3ನೆಯ ವಚನವನ್ನು ಸಭೆಯ ಮುಂದೆ ಗಟ್ಟಿಯಾಗಿ ಓದುವವರು ಮಾತ್ರ ವಿರಳ. ಸೌಲನು ಮೀರಿದ ದೇವರ ಆಜ್ಞೆ ಯಾವುದೆಂದು ತಿಳಿಯುವುದು ಆ ವಚನದಿಂದಲೇ. ಇಸ್ರಾಯೇಲ್ಯರ ಶತ್ರು ಜನಾಂಗವಾದ ಅಮಾಲೇಕ್ಯರ ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ಎತ್ತು, ಕುರಿ, ಒಂಟೆ, ಕತ್ತೆ, ಒಂದನ್ನೂ ಉಳಿಸದೆ ಕೊಲ್ಲಬೇಕು ಎಂಬುದೇ ಆ ಆಜ್ಞೆ.

ಮೊಲೆಕೂಸು ಮಾಡಿದ ತಪ್ಪೇನು? ಈ ಪ್ರಶ್ನೆ ಕೇಳಿದವರನ್ನು ನಂಬಿಕೆಯಲ್ಲಿ ಬಲಹೀನರು ಎಂದು ಬದಿಗೆ ಸರಿಸುವುದನ್ನು ಕಂಡಿದ್ದೇನೆ. ಅದು ಅನ್ಯಾಯ. ಪೌಲನ ಪತ್ರಗಳಲ್ಲಿ ತಿಳಿಯಲು ಕಷ್ಟವಾದ ಮಾತುಗಳಿವೆ ಎಂದು ಸತ್ಯವೇದವೇ ಒಪ್ಪಿಕೊಳ್ಳುತ್ತದೆ (2 ಪೇತ್ರ 3:16). ಅಂಥ ಮಾತುಗಳಿಗೆ ವಿಪರೀತ ಅರ್ಥ ಕಟ್ಟಿ ತಮಗೇ ನಾಶ ತಂದುಕೊಳ್ಳುವವರಿದ್ದಾರೆ ಎಂಬ ಎಚ್ಚರಿಕೆಯೂ ಅದೇ ವಚನದಲ್ಲಿದೆ. ಅಪೊಸ್ತಲರ ಕಾಲದಲ್ಲೇ ಇದ್ದ ಕಷ್ಟವನ್ನು ಇಲ್ಲವೆಂದು ನಟಿಸುವ ಅಗತ್ಯ ನಮಗಿಲ್ಲ.

ಎರಡು ಸಾವಿರ ವರ್ಷಗಳಲ್ಲಿ ಕ್ರೈಸ್ತರು ಇಂಥ ಭಾಗಗಳನ್ನು ಎದುರಿಸಲು ಮುಖ್ಯವಾಗಿ ಆರು ದಾರಿಗಳನ್ನು ಹಿಡಿದಿದ್ದಾರೆ. ಅವುಗಳನ್ನು ಅಮಾಲೇಕ್ಯರ ಈ ಅಧ್ಯಾಯದ ಮೇಲೆಯೇ ಒಂದೊಂದಾಗಿ ಪರೀಕ್ಷಿಸುತ್ತೇನೆ. ಸುಲಭದ ವಚನದ ಮೇಲೆ ಎಲ್ಲ ದಾರಿಗಳೂ ಚೆನ್ನಾಗಿಯೇ ಕಾಣುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚರಿತ್ರೆಯ ಹಿನ್ನೆಲೆಯಲ್ಲಿ ಓದುವುದು ಮೊದಲು, ಕ್ರಿಸ್ತನ ಬೆಳಕಿನಲ್ಲಿ ತೂಗುವುದು ಆಮೇಲೆ, ಈ ಎರಡರ ಉದ್ದಕ್ಕೂ ದೇವರ ಮುಂದೆ ಮೊರೆಯಿಡುವುದು. ಕತ್ತರಿಸಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಯೋಚಿಸದೆ ಸಮರ್ಥನೆಗೆ ಇಳಿಯುವುದು ಅದಕ್ಕಿಂತ ತುಸು ಮೇಲು, ಅಷ್ಟೇ.

ಕಷ್ಟ ಯಾವ ಬಗೆಯದು?

ದಾರಿ ಆರಿಸುವ ಮೊದಲು ಕಷ್ಟ ಎಲ್ಲಿದೆ ಎಂದು ಗುರುತಿಸಿಕೊಳ್ಳಬೇಕು. ಕೆಲವು ಕಷ್ಟಗಳು ಹಸ್ತಪ್ರತಿಗಳಿಗೆ ಸಂಬಂಧಿಸಿದವು. ಮಾರ್ಕನ ಸುವಾರ್ತೆಯ ಕೊನೆಯ ಭಾಗ (16:9-20) ನಾಲ್ಕನೆಯ ಶತಮಾನದ ಸೈನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ವೃತ್ತಾಂತವೂ (ಯೋಹಾನ 7:53-8:11) ಯೋಹಾನನ ಅತಿ ಹಳೆಯ ಪ್ರತಿಗಳಲ್ಲಿ ಕಾಣುವುದಿಲ್ಲ. ಇಲ್ಲಿ ಅಡಿಟಿಪ್ಪಣಿ ನೋಡಿದರೆ, ಎರಡು ಮೂರು ಭಾಷಾಂತರಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಬಹುಪಾಲು ಗೊಂದಲ ಕಳೆಯುತ್ತದೆ. ಇದು ಪಂಡಿತರಿಗೆ ಬಿಟ್ಟ ವಿಷಯವೆಂದು ಕೈಬಿಡುವಂತಿಲ್ಲ. ಮಾರ್ಕ 16:18ರ ಒಂದೇ ವಚನವನ್ನು ಹಿಡಿದು ಆರಾಧನೆಯಲ್ಲಿ ವಿಷದ ಹಾವುಗಳನ್ನು ಎತ್ತುವ ಸಭೆಗಳು ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯಲ್ಲಿವೆ, ಕಚ್ಚಿಸಿಕೊಂಡು ಸತ್ತವರೂ ಇದ್ದಾರೆ.

ಇನ್ನು ಕೆಲವು ಕಷ್ಟಗಳು ಎರಡು ವೃತ್ತಾಂತಗಳ ನಡುವಿನ ವ್ಯತ್ಯಾಸದಿಂದ ಹುಟ್ಟುತ್ತವೆ. ಜನಗಣತಿ ಮಾಡಲು ದಾವೀದನನ್ನು ಪ್ರೇರಿಸಿದವನು ಯೆಹೋವನು ಎಂದು 2 ಸಮುವೇಲ 24:1 ಹೇಳಿದರೆ, ಸೈತಾನನು ಎಂದು 1 ಪೂರ್ವಕಾಲವೃತ್ತಾಂತ 21:1 ಹೇಳುತ್ತದೆ. ಇಬ್ಬರು ಬರಹಗಾರರು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶದಿಂದ ಬರೆದರು ಎಂದು ಒಪ್ಪಿದರೆ ಇಲ್ಲಿ ನಂಬಿಕೆಗೆ ಅಪಾಯವೇನೂ ಇಲ್ಲ. ಸತ್ತವರಿಗಾಗಿ ಮಾಡಿಸಿಕೊಳ್ಳುವ ದೀಕ್ಷಾಸ್ನಾನದಂಥ (1 ಕೊರಿಂಥ 15:29) ಒಗಟುಗಳೂ ಇವೆ. ಅದಕ್ಕೆ ಹತ್ತಾರು ವಿವರಣೆಗಳು ಬಂದಿವೆ, ಯಾವುದೂ ಎಲ್ಲರನ್ನೂ ಒಪ್ಪಿಸಿಲ್ಲ. ಅಂಥಲ್ಲಿ ಬೋಧಕರು ತಮಗೆ ಗೊತ್ತಿಲ್ಲ ಎಂದು ಹೇಳಿದರೆ ಸಭೆಯ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಅಂದಿನ ಮಾತನ್ನು ಇಂದು ಹೇಗೆ ಪಾಲಿಸಬೇಕು ಎಂಬುದು ಮತ್ತೊಂದು ಬಗೆಯ ಕಷ್ಟ. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂಬ 1 ಕೊರಿಂಥ 14:34 ಇದಕ್ಕೆ ಉದಾಹರಣೆ. ಅದೇ ಪತ್ರದ 11:5ರಲ್ಲಿ ಸ್ತ್ರೀಯರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಪೌಲನು ಸಹಜವಾಗಿಯೇ ಎತ್ತಿಕೊಳ್ಳುತ್ತಾನೆ. ಆಗ ತಲೆಗೆ ಮುಸುಕಿರಬೇಕೆಂಬುದಷ್ಟೇ ಅಲ್ಲಿ ಅವನ ಚಿಂತೆ. ಕೆಲವು ಗ್ರೀಕ್ ಹಸ್ತಪ್ರತಿಗಳಲ್ಲಿ 14:34-35 ಅಧ್ಯಾಯದ ಕೊನೆಗೆ, 40ನೆಯ ವಚನದ ನಂತರ ಬರುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಫೊಯಿಬೆ, ಪ್ರಿಸ್ಕ ಮೊದಲಾದ ಸ್ತ್ರೀಯರನ್ನು ಪೌಲನು ಹೆಸರು ಹಿಡಿದು, ಅವರ ಸೇವೆಯನ್ನು ನೆನೆದು ಗೌರವಿಸುತ್ತಾನೆ. ಇಷ್ಟನ್ನೂ ಮುಂದಿಟ್ಟುಕೊಂಡ ಸಭೆಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ. ಒಂದೇ ವಚನವನ್ನು ಕಿತ್ತು ತಂದು ಸ್ತ್ರೀಯರ ಬಾಯಿ ಮುಚ್ಚಿಸುವವರು ಪೌಲನನ್ನು ಪೂರ್ತಿ ಓದಿಲ್ಲ ಎಂದಷ್ಟೇ ನಾನು ಹೇಳಬಲ್ಲೆ.

ಕೊನೆಯದು ನ್ಯಾಯದ ಕಷ್ಟ. ದೇವರು ಒಳ್ಳೆಯವನು ಎಂದು ನಂಬಿದವನಿಗೆ ದೇವರ ಹೆಸರಿನಲ್ಲೇ ನಡೆದ ಕೊಲೆ ಎದುರಾಗುವ ಜಾಗ. ಇಲ್ಲಿ ಅಡಿಟಿಪ್ಪಣಿ ಸಾಲದು, ಗೊತ್ತಿಲ್ಲ ಎಂದು ಮುಂದೆ ಹೋಗಲೂ ಆಗದು.

ಕತ್ತರಿ ಹಾಕುವುದು

ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಮಾರ್ಸಿಯನ್ ಎಂಬವನನ್ನು ಹೊರಗೆ ಹಾಕಿತು. ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂಬುದು ಅವನ ವಾದ. ಅವನು ಹಳೆಯ ಒಡಂಬಡಿಕೆಯನ್ನು ಪೂರ್ತಿ ಬಿಟ್ಟು, ಲೂಕನ ಸುವಾರ್ತೆಯನ್ನು ತನಗೆ ಬೇಕಾದಂತೆ ತಿದ್ದಿ, ಪೌಲನ ಹತ್ತು ಪತ್ರಗಳನ್ನು ಜೊತೆಗೆ ಇಟ್ಟುಕೊಂಡನು. ಅಮಾಲೇಕ್ಯರ ಕೂಸುಗಳ ಪ್ರಶ್ನೆಗೆ ಅವನ ಉತ್ತರ ಸರಳ: ಅದು ನಮ್ಮ ದೇವರ ಮಾತೇ ಅಲ್ಲ.

ಸಂಕಟದಲ್ಲಿರುವ ಓದುಗನಿಗೆ ಈ ಉತ್ತರ ಹಿತವಾಗಿ ಕೇಳಿಸುತ್ತದೆ. ಆದರೆ ಕತ್ತರಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಬೇಕು. 1807ರಲ್ಲಿ ಲಂಡನ್ನಿನಲ್ಲಿ ಒಂದು ಸತ್ಯವೇದ ಅಚ್ಚಾಯಿತು. ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗೆ ಓದಿಸಲೆಂದು ಆರಿಸಿ ತೆಗೆದ ಭಾಗಗಳ ಪುಸ್ತಕ ಅದು. ಅದರಲ್ಲಿ ಯೋಸೇಫನನ್ನು ಗುಲಾಮನಾಗಿ ಮಾರಿದ ವೃತ್ತಾಂತ ಇತ್ತು, ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ವೃತ್ತಾಂತ ಇರಲಿಲ್ಲ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸದವರ ಪತ್ರದ ಮಾತು ಉಳಿಯಿತು. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂಬ ಗಲಾತ್ಯ 3:28 ಮಾಯವಾಯಿತು. ಕತ್ತರಿ ಯಾವಾಗಲೂ ಕರುಣೆಯ ಕಡೆಗೇ ಓಡುತ್ತದೆಂಬ ಭರವಸೆ ಇಲ್ಲ. ನನಗೆ ಇಷ್ಟವಿಲ್ಲದ್ದನ್ನು ತೆಗೆಯುವ ಹಕ್ಕು ನನಗಿದ್ದರೆ, ನನ್ನ ಯಜಮಾನನಿಗೂ ಅದೇ ಹಕ್ಕು ಇರುತ್ತದೆ.

ಬಾಯಲ್ಲಿ ಮಾರ್ಸಿಯನ್‌ನನ್ನು ಖಂಡಿಸಿ, ಪ್ರಸಂಗಗಳಲ್ಲಿ ಆ ಭಾಗಗಳನ್ನು ವರ್ಷಗಟ್ಟಲೆ ಮುಟ್ಟದೆ ಬಿಡುವುದೂ ಇದೇ ದಾರಿಯೇ. ಸಭೆಯಲ್ಲಿ ಎಂದೂ ಕೇಳಿರದ 3ನೆಯ ವಚನವನ್ನು ಯುವಕನೊಬ್ಬ ಮೊದಲ ಬಾರಿಗೆ ನಂಬಿಕೆಯನ್ನು ಗೇಲಿ ಮಾಡುವವರ ಬಾಯಿಂದ ಕೇಳಿದರೆ, ತನ್ನಿಂದ ಮುಚ್ಚಿಟ್ಟರು ಎಂದೇ ಅವನಿಗೆ ಅನಿಸುತ್ತದೆ. ಅವನ ಅನಿಸಿಕೆ ಸುಳ್ಳೂ ಅಲ್ಲ.

ಕೂಡಲೇ ಸಮರ್ಥಿಸುವುದು

ಎರಡನೆಯ ದಾರಿಯವರು ದೇವರ ಸಾರ್ವಭೌಮತ್ವವನ್ನು ಮುಂದಿಡುತ್ತಾರೆ. ಜೀವ ಕೊಟ್ಟವನಿಗೆ ತೆಗೆದುಕೊಳ್ಳುವ ಅಧಿಕಾರವಿದೆ, ಮನುಷ್ಯರೆಲ್ಲರೂ ಪಾಪಿಗಳು, ಇದು ಜನಾಂಗ ದ್ವೇಷವಲ್ಲ, ನ್ಯಾಯತೀರ್ಪು. ಈ ವಾದಕ್ಕೆ ಸತ್ಯವೇದದಲ್ಲೇ ಆಧಾರವಿದೆ. ಕಾನಾನ್ ದೇಶದ ಅಮೋರಿಯರ ಅಪರಾಧ ಇನ್ನೂ ಪೂರ್ಣವಾಗಿಲ್ಲ ಎಂದು ದೇವರು ಅಬ್ರಹಾಮನ ಕಾಲದಲ್ಲಿ ತಲೆಮಾರುಗಳಷ್ಟು ಕಾಯುತ್ತಾನೆ (ಆದಿಕಾಂಡ 15:16). ಇಸ್ರಾಯೇಲ್ಯರ ನೀತಿಯನ್ನು ನೋಡಿ ಆ ದೇಶವನ್ನು ಅವರಿಗೆ ಕೊಡುತ್ತಿಲ್ಲ ಎಂದು ಧರ್ಮೋಪದೇಶಕಾಂಡ 9ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಅಮಾಲೇಕ್ಯರಂತೂ, ಐಗುಪ್ತದಿಂದ ಹೊರಟು ದಣಿದಿದ್ದ ಇಸ್ರಾಯೇಲ್ಯರ ಮೇಲೆ ಹಿಂದಿನಿಂದ ಬಿದ್ದು, ಹಿಂದೆ ಉಳಿದ ಬಲಹೀನರನ್ನು ಹೊಡೆದವರು (ಧರ್ಮೋಪದೇಶಕಾಂಡ 25:17-18). ಪಾಪದ ಭಾರವನ್ನು ಹಗುರ ಮಾಡದಿರುವುದು ಈ ದಾರಿಯ ನಿಜವಾದ ಬಲ. ದಬ್ಬಾಳಿಕೆಗೆ ಸಿಕ್ಕಿದವರಿಗೆ ನ್ಯಾಯತೀರ್ಪು ನೀಡುವ ದೇವರು ಬೇಕು, ಎಲ್ಲವನ್ನೂ ನೋಡಿ ಸುಮ್ಮನಿರುವ ದೇವರಲ್ಲ.

ಅಷ್ಟಾದರೂ ಈ ದಾರಿ ಕೂಸಿನ ಮುಂದೆ ಎಡವುತ್ತದೆ. ಮಕ್ಕಳ ತಪ್ಪಿಗೆ ತಂದೆಯರಿಗಾಗಲಿ, ತಂದೆಯರ ತಪ್ಪಿಗೆ ಮಕ್ಕಳಿಗಾಗಲಿ ಮರಣದಂಡನೆ ಆಗಬಾರದು ಎನ್ನುವುದು ಅದೇ ಧರ್ಮಶಾಸ್ತ್ರ (ಧರ್ಮೋಪದೇಶಕಾಂಡ 24:16). ಯೆಹೆಜ್ಕೇಲನ 18ನೆಯ ಅಧ್ಯಾಯವಂತೂ ಪೂರ್ತಿ ಇದೇ ಮಾತನ್ನು ಸಾರುತ್ತದೆ. ಅಂದರೆ ನಮ್ಮ ಸಂಕಟ ಈ ಕಾಲದ ಮೃದು ಮನಸ್ಸಿನಿಂದ ಬಂದದ್ದೇನೂ ಅಲ್ಲ, ಸತ್ಯವೇದವೇ ಕಲಿಸಿಕೊಟ್ಟ ಸಂಕಟ. ಜೊತೆಗೆ ಈ ದಾರಿಯ ಚರಿತ್ರೆಯೂ ಭಯ ಹುಟ್ಟಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ನ್ಯೂ ಇಂಗ್ಲೆಂಡಿಗೆ ಬಂದು ನೆಲೆಸಿದ ಕ್ರೈಸ್ತರು ಅಲ್ಲಿನ ಮೂಲನಿವಾಸಿಗಳನ್ನು ಅಮಾಲೇಕ್ಯರಿಗೆ ಹೋಲಿಸಿ ಯುದ್ಧಕ್ಕೆ ಹುರಿದುಂಬಿಸಿದರು. ಒಂದು ಜನಾಂಗಕ್ಕೆ ಆ ಹೆಸರು ಅಂಟಿಸಿದ ಮೇಲೆ ಅವರ ಕೂಸುಗಳ ಮೇಲೆ ಕತ್ತಿ ಎತ್ತಲು ಮನಸ್ಸು ಅಂಜುವುದಿಲ್ಲ. ಸಮರ್ಥನೆಯ ದಾರಿ ಹಿಡಿಯುವವರು ಈ ಆಜ್ಞೆ ಒಂದು ಕಾಲಕ್ಕೆ, ಒಂದು ಸಂದರ್ಭಕ್ಕೆ ಸೀಮಿತ, ಇಂದು ಯಾರ ಮೇಲೂ ಇದನ್ನು ಹೊರಿಸುವಂತಿಲ್ಲ ಎಂದು ಪ್ರತಿ ಸಲವೂ ಬಿಡಿಸಿ ಹೇಳಬೇಕು. ಹೇಳದಿದ್ದರೆ ಆ ಸಮರ್ಥನೆ ಅಪಾಯಕಾರಿ.

ಆತ್ಮಿಕ ಅರ್ಥ ಹುಡುಕುವುದು

ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್, ಕಾನಾನ್ ದೇಶವನ್ನು ಗೆಲ್ಲಲು ಯೆಹೋಶುವನು ನಡೆಸಿದ ಯುದ್ಧಗಳ ಮೇಲೆ ಸಾಲಾಗಿ ಪ್ರಸಂಗ ಮಾಡಿದನು. ಕಾನಾನ್ಯರ ಅರಸರು ನಮ್ಮೊಳಗೆ ಆಳುವ ದುರ್ಗುಣಗಳು, ಅವುಗಳಲ್ಲಿ ಒಂದನ್ನೂ ಉಳಿಸಬಾರದು ಎಂಬುದು ಅವನ ಓದು. ನಾಲ್ಕನೆಯ ಶತಮಾನದ ಬಿಷಪ್ ಅಂಬ್ರೋಸನ ಇಂಥದ್ದೇ ಪ್ರಸಂಗಗಳನ್ನು ಮಿಲಾನ್ ನಗರದಲ್ಲಿ ಕೇಳಿದ ಮೇಲೆಯೇ, ಹಳೆಯ ಒಡಂಬಡಿಕೆ ಅಸಹ್ಯವೆಂದು ದೂರವಿದ್ದ ಅಗಸ್ಟೀನನಿಗೆ ಅದರ ಬಾಗಿಲು ತೆರೆಯಿತು. ಹಾಗರಳನ್ನೂ ಸಾರಳನ್ನೂ ಎರಡು ಒಡಂಬಡಿಕೆಗಳೆಂದು ಪೌಲನೇ ಓದುತ್ತಾನೆ (ಗಲಾತ್ಯ 4:24). ಹಾಗಾಗಿ ಈ ದಾರಿಯನ್ನು ಹಗುರವಾಗಿ ಕಾಣುವವರು ಸಭೆಯ ಚರಿತ್ರೆಯನ್ನೇ ಹಗುರ ಮಾಡುತ್ತಾರೆ.

ಪ್ರಾರ್ಥನೆಗೆ ಇದು ಒಳ್ಳೆಯ ದಾರಿ. ನನ್ನ ಕೋಪವೇ ನನ್ನ ಅಮಾಲೇಕ, ಅದರಲ್ಲಿ ಚೆಂದ ಕಂಡದ್ದನ್ನು ಸೌಲನಂತೆ ಉಳಿಸಿಕೊಳ್ಳುತ್ತೇನೆ ಎಂದು ಮೊಣಕಾಲೂರಿದವನಿಗೆ ಈ ಅಧ್ಯಾಯ ಜೀವಂತವಾಗುತ್ತದೆ. ಆದರೆ ಪ್ರಶ್ನೆ ಕೇಳಿದವನಿಗೆ ಇದು ಉತ್ತರವಲ್ಲ. ಅವನು ಕೇಳಿದ್ದು ಒಂದು ಕೂಸಿನ ಬಗ್ಗೆ. ನಾವು ಕೂಸನ್ನು ದುರ್ಗುಣವಾಗಿ ಬದಲಿಸಿ, ಅದರ ಸಾವನ್ನು ಕಣ್ಮರೆ ಮಾಡಿ, ಪ್ರಶ್ನೆ ಮುಗಿಯಿತು ಎನ್ನುತ್ತೇವೆ. ಆತ್ಮಿಕ ಅರ್ಥ ನಂತರ ಬರಲಿ, ಮೊದಲ ಉತ್ತರವಾಗಿ ಬೇಡ.

ಚರಿತ್ರೆಯ ಹಿನ್ನೆಲೆಯಲ್ಲಿ ಓದುವುದು

ಇದು ನಿಧಾನದ ದಾರಿ, ನಾನು ಹೆಚ್ಚು ನೆಚ್ಚಿಕೊಂಡ ದಾರಿಯೂ ಇದೇ. ಬರೆದವರು ತಮ್ಮ ಕಾಲದ ಓದುಗರಿಗೆ ಏನನ್ನು, ಯಾವ ರೀತಿಯ ಬರವಣಿಗೆಯಲ್ಲಿ ಹೇಳುತ್ತಿದ್ದರು ಎಂದು ಇದು ಕೇಳುತ್ತದೆ.

1868ರಲ್ಲಿ ಈಗಿನ ಜೋರ್ಡಾನ್ ದೇಶದ ಧೀಬಾನ್ ಎಂಬಲ್ಲಿ ಒಂದು ಕಪ್ಪು ಶಿಲಾಶಾಸನ ಸಿಕ್ಕಿತು. ಅದನ್ನು ಬರೆಸಿದವನು ಮೋವಾಬಿನ ಅರಸ ಮೇಷ. 2 ಅರಸುಗಳು 3ನೆಯ ಅಧ್ಯಾಯದಲ್ಲಿ ಬರುವ ಮೇಷನೇ ಇವನು. ಕಾಲ ಕ್ರಿ.ಪೂ. 840ರ ಸುಮಾರು. ತನ್ನ ದೇವರಾದ ಕೆಮೋಷನು ಹೇಳಿದಂತೆ ಇಸ್ರಾಯೇಲ್ಯರಿಂದ ನೆಬೋ ಪಟ್ಟಣವನ್ನು ಹಿಡಿದು, ಗಂಡಸರು ಹೆಂಗಸರೆನ್ನದೆ ಅಲ್ಲಿದ್ದವರನ್ನೆಲ್ಲ ಕೊಂದು ದೇವರಿಗೆ ಮೀಸಲು ಮಾಡಿದೆನೆಂದು ಅವನು ಕೊಚ್ಚಿಕೊಳ್ಳುತ್ತಾನೆ. ಇಸ್ರಾಯೇಲು ಎಂದೆಂದಿಗೂ ಅಳಿದುಹೋಯಿತು ಎಂದೂ ಬರೆಸುತ್ತಾನೆ. ಅಳಿದುಹೋಯಿತೆಂದ ಆ ರಾಜ್ಯ ಕ್ರಿ.ಪೂ. 722ರವರೆಗೆ, ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಉಳಿಯಿತು. ಅದಕ್ಕೂ ಮುಂಚೆ, ಕ್ರಿ.ಪೂ. 1208ರ ಸುಮಾರಿಗೆ, ಐಗುಪ್ತದ ಫರೋಹ ಮೆರ್ನೆಪ್ತಾಹನೂ ಇಸ್ರಾಯೇಲಿನ ಸಂತತಿಯೇ ಇಲ್ಲವಾಯಿತು ಎಂದು ಶಾಸನ ಹಾಕಿಸಿದ್ದನು. ಯುದ್ಧದ ವರದಿಯಲ್ಲಿ ಒಬ್ಬನೂ ಉಳಿಯಲಿಲ್ಲ ಎಂದು ಬರೆಯುವುದು ಆ ಕಾಲದ ಅರಸರಲ್ಲಿ ಸಾಮಾನ್ಯವಾಗಿದ್ದ ವಾಡಿಕೆ.

ಈಗ ಸಮುವೇಲನ ಪುಸ್ತಕಕ್ಕೆ ಮರಳೋಣ. ಜನರೆಲ್ಲರನ್ನೂ ಕತ್ತಿಯಿಂದ ನಿರ್ಮೂಲ ಮಾಡಿದರು ಎಂದು 15:8 ಹೇಳುತ್ತದೆ. ಅದೇ ಪುಸ್ತಕದ 27ನೆಯ ಅಧ್ಯಾಯದಲ್ಲಿ ದಾವೀದನು ಅಮಾಲೇಕ್ಯರ ಮೇಲೆ ದಾಳಿಗೆ ಹೋಗುತ್ತಾನೆ. 30ನೆಯ ಅಧ್ಯಾಯದಲ್ಲಿ ಅಮಾಲೇಕ್ಯರೇ ಚಿಕ್ಲಗ್ ಊರನ್ನು ಸುಟ್ಟು ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು ಒಯ್ಯುತ್ತಾರೆ. ದಾವೀದನು ಬೆನ್ನಟ್ಟಿದಾಗ ಅವರಲ್ಲಿ 400 ಮಂದಿ ಒಂಟೆ ಹತ್ತಿ ತಪ್ಪಿಸಿಕೊಳ್ಳುತ್ತಾರೆ. ಒಬ್ಬರೂ ಉಳಿದಿಲ್ಲದಿದ್ದರೆ ಇವರೆಲ್ಲ ಎಲ್ಲಿಂದ ಬಂದರು? ಪುಸ್ತಕವನ್ನು ಬರೆದವರಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ತಮ್ಮ ಓದುಗರು ಆ ಯುದ್ಧಭಾಷೆಯನ್ನು ಯುದ್ಧಭಾಷೆಯಾಗಿಯೇ ಓದುತ್ತಾರೆಂಬ ನಂಬಿಕೆ ಅವರಿಗಿತ್ತು ಎಂದು ನನಗೆ ತೋರುತ್ತದೆ. ಯೆಹೋಶುವನ ಪುಸ್ತಕವೂ ಹೀಗೆಯೇ. 10:40ರಲ್ಲಿ ಯಾರನ್ನೂ ಉಳಿಸಲಿಲ್ಲ ಎನ್ನುತ್ತದೆ. 15:63ರಲ್ಲಿ ಯೆರೂಸಲೇಮಿನಲ್ಲಿದ್ದ ಯೆಬೂಸಿಯರನ್ನು ಓಡಿಸಲಾಗಲಿಲ್ಲ ಎನ್ನುತ್ತದೆ.

ಹತ್ತಿರದಿಂದ ಓದಿದರೆ ಇನ್ನೊಂದು ವಿಷಯವೂ ಕಾಣುತ್ತದೆ. ಸೌಲನು ಅವಿಧೇಯನಾದದ್ದು ಕರುಣೆಯಿಂದಲೋ ಏನೋ ಎಂದು ಕೆಲವರು ಊಹಿಸುತ್ತಾರೆ. 9ನೆಯ ವಚನ ಆ ಊಹೆಗೆ ಎಡೆ ಕೊಡುವುದಿಲ್ಲ. ಸೌಲನೂ ಜನರೂ ಉಳಿಸಿಕೊಂಡದ್ದು ಅರಸ ಅಗಾಗನನ್ನು, ಕೊಬ್ಬಿದ ದನಕುರಿಗಳನ್ನು. ಕೆಲಸಕ್ಕೆ ಬಾರದ್ದನ್ನು, ಬೆಲೆಯಿಲ್ಲದ್ದನ್ನು ಮಾತ್ರ ನಾಶ ಮಾಡಿದರು. ಕೂಸು ಆ ಎರಡನೆಯ ಗುಂಪಿಗೆ ಸೇರಿತು. ಕುರಿಗಳ ಕೂಗು ನನ್ನ ಕಿವಿಗೆ ಬೀಳುತ್ತಿದೆಯಲ್ಲ, ಅದೇನು ಎಂದು ಸಮುವೇಲನು ಕೇಳುವಾಗ (15:14) ಅಲ್ಲಿ ಕೇಳಿಸದೆ ಹೋದ ಕೂಗು ಯಾವುದು ಎಂದು ನಾನು ಯೋಚಿಸದೆ ಇರಲಾರೆ.

ಈ ದಾರಿಯ ಮಿತಿಯನ್ನೂ ಹೇಳಬೇಕು. ಭಾಷೆ ಉತ್ಪ್ರೇಕ್ಷೆಯದ್ದು ಎಂದು ತೋರಿಸಿದ ಮಾತ್ರಕ್ಕೆ ಯಾರೂ ಸಾಯಲಿಲ್ಲ ಎಂದಾಗುವುದಿಲ್ಲ. ಸಾವಿರದ ಬದಲು ನೂರು ಕೂಸುಗಳು ಸತ್ತರೆ ಪ್ರಶ್ನೆ ನೂರರಲ್ಲೂ ಉಳಿಯುತ್ತದೆ. ಯೆಹೋಶುವನ ಮುಂದೆ ಗೋಡೆ ಬಿತ್ತೆಂದು ಸತ್ಯವೇದ ಹೇಳುವ ಯೆರಿಕೋವಿನ ವಿಷಯದಲ್ಲಿ ಉತ್ಖನನದ ಫಲಿತಾಂಶಗಳೇ ಬೇರೆ ಪ್ರಶ್ನೆ ಎಬ್ಬಿಸಿವೆ. 1952ರಿಂದ 1958ರವರೆಗೆ ಅಲ್ಲಿ ಅಗೆತ ನಡೆಸಿದ ಕ್ಯಾಥ್ಲೀನ್ ಕೆನ್ಯನ್ ಅವರಿಗೆ ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಹೇಳುವ ಹೊತ್ತಿಗೆ ಸೇರಿದ ಕೋಟೆಗೋಡೆ ಸಿಗಲಿಲ್ಲ. ಅದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಚರಿತ್ರೆಯನ್ನು ಬಳಸಿಕೊಳ್ಳುವವರು ಅದು ನಮ್ಮ ಪರವಾಗಿ ಮಾತಾಡಿದಾಗ ಮಾತ್ರ ಕಿವಿಗೊಡುವುದು ಸರಿಯಲ್ಲ.

ಕ್ರಿಸ್ತನ ಬೆಳಕಿನಲ್ಲಿ ತೂಗುವುದು

ದೇವರು ಪೂರ್ವಕಾಲದಲ್ಲಿ ಪ್ರವಾದಿಗಳ ಮೂಲಕ ಹಲವು ರೀತಿಯಲ್ಲಿ ಮಾತಾಡಿ, ಕೊನೆಗೆ ತನ್ನ ಮಗನ ಮೂಲಕ ಮಾತಾಡಿದನು ಎಂಬುದು ಇಬ್ರಿಯರ ಪತ್ರದ ಆರಂಭ. ಕ್ರೈಸ್ತನಿಗೆ ದೇವರ ಮುಖ ಪೂರ್ತಿಯಾಗಿ ಕಂಡದ್ದು ಯೇಸುವಿನಲ್ಲಿ. ಆದ್ದರಿಂದ ಉಳಿದ ಭಾಗಗಳನ್ನು ಅಲ್ಲಿಂದ ಹಿಂದಕ್ಕೆ ಓದಬೇಕು ಎಂಬುದು ಐದನೆಯ ದಾರಿ.

ಹೀಗೆ ಓದಲು ಯೇಸುವೇ ಕಲಿಸುತ್ತಾನೆ. ಮೋಶೆ ವಿಚ್ಛೇದನಕ್ಕೆ ಅನುಮತಿ ಕೊಟ್ಟದ್ದು ನಿಮ್ಮ ಮೊಂಡತನವನ್ನು ನೋಡಿ, ಮೊದಲಿನಿಂದ ಹಾಗಿರಲಿಲ್ಲ ಎನ್ನುತ್ತಾನೆ (ಮತ್ತಾಯ 19:8). ಎಲೀಯನು ಮಾಡಿದಂತೆ ಆಕಾಶದಿಂದ ಬೆಂಕಿ ಬೀಳಿಸಿ ಸಮಾರ್ಯದ ಹಳ್ಳಿಯನ್ನು ಸುಡೋಣವೇ ಎಂದು ಯಾಕೋಬ ಯೋಹಾನರು ಕೇಳಿದಾಗ ಅವರನ್ನು ಗದರಿಸುತ್ತಾನೆ (ಲೂಕ 9:54-55). ನಜರೇತಿನ ಸಭಾಮಂದಿರದಲ್ಲಿ ಯೆಶಾಯನ 61ನೆಯ ಅಧ್ಯಾಯ ಓದುವಾಗ, ದೇವರು ಮುಯ್ಯಿ ತೀರಿಸುವ ದಿನದ ಮಾತು ಬರುವ ಮೊದಲೇ ಸುರುಳಿಯನ್ನು ಸುತ್ತಿ ಕೊಡುತ್ತಾನೆ (ಲೂಕ 4:18-20).

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮತ್ತಾಯ 15ನೆಯ ಅಧ್ಯಾಯ. ಮಗಳಿಗಾಗಿ ಬೇಡಿಕೊಂಡು ಬಂದ ಹೆಂಗಸನ್ನು ಮಾರ್ಕನು ಸಿರಿಯದ ಫೊಯಿನಿಕೆಯವಳು ಎಂದು ಕರೆಯುತ್ತಾನೆ. ಮತ್ತಾಯನು ಕಾನಾನ್ಯಳು ಎನ್ನುತ್ತಾನೆ. ಆ ಹೊತ್ತಿಗಾಗಲೇ ಯೆಹೂದ್ಯ ಓದುಗರಿಗೆ ಕಾನಾನ್ಯರೆಂಬುದು ಹೆಚ್ಚಾಗಿ ಹಳೆಯ ಪುಸ್ತಕಗಳ ಹೆಸರು, ನಿರ್ಮೂಲವಾಗಬೇಕಾದವರ ಹೆಸರು. ಅಂಥವಳು ಯೇಸುವಿನ ಎದುರಿಗೆ ನಿಂತು ವಾದಿಸುತ್ತಾಳೆ, ಗೆಲ್ಲುತ್ತಾಳೆ, ಅವಳ ಮಗು ಬದುಕುತ್ತದೆ. ಮತ್ತಾಯನ ವಂಶಾವಳಿಯಲ್ಲಿ ಯೆರಿಕೋವಿನ ಕಾನಾನ್ಯಳಾದ ರಾಹಾಬಳೂ ಇದ್ದಾಳೆ ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಿ. ಯೆಹೋಶುವನ ಕಥೆ ಎಲ್ಲಿಗೆ ಬಂದು ಮುಟ್ಟುತ್ತದೆ ಎಂದು ಮತ್ತಾಯನು ತೋರಿಸುತ್ತಿದ್ದಾನೆ.

ಈ ದಾರಿಯಲ್ಲೂ ಜಾರುವ ಜಾಗವಿದೆ. ಅವಸರದಲ್ಲಿ ನಡೆದವರು ಗೊತ್ತಿಲ್ಲದೆ ಮಾರ್ಸಿಯನ್‌ನ ಮನೆಗೇ ತಲುಪುತ್ತಾರೆ: ಹಳೆಯದೆಲ್ಲ ಕ್ರೂರ, ಹೊಸದೆಲ್ಲ ಪ್ರೀತಿ. ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲ ಎಂದವನೂ ಯೇಸುವೇ. ನೋಹನ ಜಲಪ್ರಳಯವನ್ನೂ ಸೊದೋಮಿನ ನಾಶವನ್ನೂ ಯಾವ ಸಂಕೋಚವಿಲ್ಲದೆ ಎತ್ತಿ ಎಚ್ಚರಿಸಿದವನೂ ಅವನೇ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತು ಯಾಜಕಕಾಂಡದ್ದು. ಕ್ರಿಸ್ತನ ಬೆಳಕು ಎಂದರೆ ನಮಗೆ ಹಿತವಾದ ಕ್ರಿಸ್ತನ ಬೆಳಕು ಎಂದಾಗಬಾರದು.

ದೇವರ ಮುಂದೆಯೇ ವಾದಿಸುವುದು

ಆರನೆಯ ದಾರಿಯಲ್ಲಿ ವಿವರಣೆ ಇಲ್ಲ, ಮೊರೆ ಇದೆ. ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ನಡೆಸಬೇಕಲ್ಲವೇ ಎಂದು ಅಬ್ರಹಾಮನು ದೇವರ ಎದುರಿಗೆ ನಿಂತು ಕೇಳಿದನು, ಐವತ್ತರಿಂದ ಹತ್ತರವರೆಗೆ ಚೌಕಾಶಿ ಮಾಡಿದನು (ಆದಿಕಾಂಡ 18). ಚಿನ್ನದ ಬಸವನ ಪ್ರಸಂಗದಲ್ಲಿ ಜನರನ್ನು ನಿರ್ಮೂಲ ಮಾಡುವೆನೆಂದ ದೇವರನ್ನು ಮೋಶೆ ತಡೆದನು. ದೇವರ ಪರವಾಗಿ ಅಚ್ಚುಕಟ್ಟಾಗಿ ವಾದಿಸಿದ ಯೋಬನ ಸ್ನೇಹಿತರ ಮೇಲೆ ದೇವರು ಕೋಪಿಸಿಕೊಂಡನು. ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದನು ಎಂದನು (ಯೋಬ 42:7). ದೇವರಿಗೆ ವಕೀಲರಾಗಲು ಹೊರಟವರೆಲ್ಲರೂ ಆ ವಚನವನ್ನು ಒಮ್ಮೆ ನಿಧಾನವಾಗಿ ಓದಬೇಕು.

ಅಮಾಲೇಕ್ಯರ ಅಧ್ಯಾಯದಲ್ಲಿ ಅಂಥ ಅಬ್ರಹಾಮ ಯಾರೂ ಇಲ್ಲ. ಸಮುವೇಲನು ರಾತ್ರಿಯೆಲ್ಲ ಮೊರೆಯಿಟ್ಟದ್ದು (15:11) ಸೌಲನ ಪತನದ ಸುದ್ದಿ ಕೇಳಿ. ಆ ಮೊಲೆಕೂಸಿನ ಪರವಾಗಿ ಮೊರೆಯಿಡುವ ಜಾಗ ಖಾಲಿಯಾಗಿಯೇ ಇದೆ, ಓದುವವರು ಅಲ್ಲಿ ನಿಲ್ಲಬಹುದು. ಇದೊಂದನ್ನೇ ಹಿಡಿದುಕೊಂಡರೆ ಮಾತ್ರ ಓದು ಮುಂದಕ್ಕೆ ಹೋಗುವುದಿಲ್ಲ. ತಿಳಿಯಬಹುದಾದದ್ದನ್ನು ತಿಳಿಯದೆ ಬರೀ ಮೊರೆಯಿಡುವುದು ಸೋಮಾರಿತನಕ್ಕೂ ದಾರಿಯಾದೀತು.

ವಚನ ಬದಲಾದರೆ ಕ್ರಮವೂ ಬದಲಾಗುತ್ತದೆ

ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನು ಎಂದು ಕೀರ್ತನೆ 137 ಮುಗಿಯುತ್ತದೆ. ಇಲ್ಲೂ ಕೂಸೇ, ಆದರೆ ಕಷ್ಟ ಬೇರೆ. ಇಲ್ಲಿ ಮಾತಾಡುತ್ತಿರುವವನು ದೇವರಲ್ಲ, ದೇಶ ಕಳೆದುಕೊಂಡ ಸೆರೆಯಾಳು. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಿದ್ದಾಗ ಅರಸ ಚಿದ್ಕೀಯನ ಕಣ್ಣೆದುರಿಗೇ ಅವನ ಮಕ್ಕಳನ್ನು ಕೊಂದು, ಆಮೇಲೆ ಅವನ ಕಣ್ಣು ಕಿತ್ತರು (2 ಅರಸುಗಳು 25:7). ಅಂಥದ್ದನ್ನು ಕಂಡವರ ಬಾಯಿಂದ ಬಂದ ಪ್ರಾರ್ಥನೆ ಇದು. ಹೀಗಾಗಿ ಈ ಕೀರ್ತನೆಗೆ ಆರನೆಯ ದಾರಿಯೇ ಮೊದಲನೆಯದಾಗುತ್ತದೆ. ಇದನ್ನು ಆಜ್ಞೆಯಾಗಿ ಸಮರ್ಥಿಸುವ ಪ್ರಶ್ನೆಯೇ ಏಳುವುದಿಲ್ಲ.

ಆ ಕೂಸುಗಳು ಮನಸ್ಸಿನಲ್ಲಿ ಆಗತಾನೇ ಹುಟ್ಟಿದ ಕೆಟ್ಟ ಆಲೋಚನೆಗಳು, ಬಂಡೆಯೆಂದರೆ ಕ್ರಿಸ್ತನು ಎಂದು ಒರಿಗೆನ್ ಓದಿದನು, ಅಗಸ್ಟೀನನೂ ಅದೇ ಜಾಡಿನಲ್ಲಿ ಓದಿದನು. 1971ರ ನಂತರ ಬಂದ ರೋಮನ್ ಕಥೋಲಿಕ ದೈನಂದಿನ ಪ್ರಾರ್ಥನಾಕ್ರಮದಲ್ಲಿ ಈ ಕೀರ್ತನೆಯ ಕೊನೆಯ ವಚನಗಳನ್ನು ಬಿಡಲಾಗಿದೆ. 58, 83 ಮತ್ತು 109ನೆಯ ಕೀರ್ತನೆಗಳು ಪೂರ್ತಿಯಾಗಿಯೇ ಇಲ್ಲ. ಸಾರ್ವಜನಿಕ ಪ್ರಾರ್ಥನೆಯಲ್ಲಿ ಜನರಿಗೆ ಎಡವುಗಲ್ಲಾಗಬಾರದು ಎಂಬ ಕಾಳಜಿ ಅರ್ಥವಾಗುತ್ತದೆ, ಆದರೂ ನನಗೆ ಆ ತೀರ್ಮಾನ ಒಪ್ಪಿಗೆಯಿಲ್ಲ. 1937ರ ಜುಲೈನಲ್ಲಿ, ಹಿಟ್ಲರನ ಆಡಳಿತ ಸಭಾಪಾಲಕರನ್ನು ಬಂಧಿಸುತ್ತಿದ್ದ ದಿನಗಳಲ್ಲಿ, ಜರ್ಮನಿಯ ಸಭಾಪಾಲಕ ಡೀಟ್ರಿಕ್ ಬೊನ್‌ಹಾಫರ್ ಪ್ರಸಂಗಕ್ಕೆ ಆರಿಸಿಕೊಂಡದ್ದು ಅದೇ 58ನೆಯ ಕೀರ್ತನೆಯನ್ನು. ಇಂಥ ಪ್ರಾರ್ಥನೆ ಮಾಡುವ ಅರ್ಹತೆ ಪಾಪಿಗಳಾದ ನಮಗಿಲ್ಲ, ನಿರ್ದೋಷಿಯಾದ ಕ್ರಿಸ್ತನಿಗೆ ಮಾತ್ರ ಇದೆ, ದೇವರ ಮುಯ್ಯಿ ಶಿಲುಬೆಯ ಮೇಲೆ ಅವನ ಮೇಲೆಯೇ ಬಿತ್ತು ಎಂಬುದು ಅವರ ಮಾತಿನ ತಿರುಳು. ಅನ್ಯಾಯಕ್ಕೆ ಒಳಗಾದವರ ಕೈಯಿಂದ ಈ ಕೀರ್ತನೆಗಳನ್ನು ಕಿತ್ತುಕೊಂಡರೆ ಅವರ ಕೋಪ ಇಲ್ಲವಾಗುವುದಿಲ್ಲ, ದೇವರಿಗೆ ಹೇಳಬೇಕಾದದ್ದನ್ನು ಬೇರೆ ಎಲ್ಲಿಗೋ ಒಯ್ಯುತ್ತಾರೆ.

ಎದುರಿಗಿರುವವರು ಯಾರು?

ವಚನದಷ್ಟೇ ಮುಖ್ಯವಾದದ್ದು ಕೇಳುತ್ತಿರುವವರ ಸ್ಥಿತಿ. ನಂಬದವರೊಬ್ಬರು ಪ್ರಾಮಾಣಿಕವಾಗಿ ಕೇಳಿದರೆ ಚರಿತ್ರೆಯಿಂದ ಆರಂಭಿಸಿ, ಅದರ ಮಿತಿಯನ್ನೂ ನೀವೇ ಮೊದಲು ಹೇಳಿ. ಅವರು ಆಕ್ಷೇಪಿಸಿದ ಮೇಲೆ ಒಪ್ಪಿಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಹದಿಹರೆಯದವರು ಕೇಳಿದರೆ ಅಧ್ಯಾಯವನ್ನು ಜೊತೆಯಲ್ಲಿ ಕುಳಿತು ಪೂರ್ತಿ ಓದಿ. ಸಿದ್ಧ ಉತ್ತರ ಕೊಡುವ ಮೊದಲು 15ನೆಯ ಅಧ್ಯಾಯದಿಂದ 30ಕ್ಕೆ ಹೋಗಿ ನೋಡಲು ಹೇಳಿ. ತಾವೇ ಕಂಡುಕೊಂಡದ್ದು ಅವರಲ್ಲಿ ನಿಲ್ಲುತ್ತದೆ.

ಮಗುವನ್ನು ಕಳೆದುಕೊಂಡ ತಾಯಿ ಕೇಳಿದರೆ ಮೇಷನ ಶಾಸನದ ಮಾತು ಎತ್ತಬೇಡಿ. ದೇವರಿಗೆ ತೆಗೆದುಕೊಳ್ಳುವ ಅಧಿಕಾರವಿದೆ ಎಂಬ ವಾದವನ್ನಂತೂ ಬಾಯಿಗೇ ತರಬೇಡಿ. ತನ್ನ ಮಗುವನ್ನೂ ದೇವರು ಹಾಗೆಯೇ ಕೊಂದನೋ ಎಂಬುದು ಅವಳ ಪ್ರಶ್ನೆಯೊಳಗಿನ ಪ್ರಶ್ನೆ. ಅವಳ ಜೊತೆ ಕುಳಿತು 88ನೆಯ ಕೀರ್ತನೆಯನ್ನು ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿ ಇಲ್ಲ, ಆದರೂ ಅದು ದೇವರಿಗೇ ಹೇಳಿದ ಮಾತು. ವಿವರಣೆ ಬೇಕೆಂದು ಅವಳೇ ಕೇಳುವ ದಿನ ಬಂದರೆ ಕಾನಾನ್ಯ ಹೆಂಗಸಿನ ಕಥೆಯಿಂದ ಆರಂಭಿಸಬಹುದು.

ಪ್ರಸಂಗ ಮಾಡುವವರಿಗೆ ನನ್ನದೊಂದು ಕೋರಿಕೆ. ಮುಂದಿನ ಸಲ 22ನೆಯ ವಚನದ ಮೇಲೆ ಮಾತಾಡುವಾಗ 3ನೆಯ ವಚನವನ್ನೂ ಗಟ್ಟಿಯಾಗಿ ಓದಿ. ಅದಕ್ಕೆ ಪೂರ್ತಿ ಉತ್ತರ ನಿಮ್ಮ ಬಳಿ ಇಲ್ಲದಿದ್ದರೆ ಇಲ್ಲವೆಂದೇ ಹೇಳಿ, ಆರಾಧನೆ ಮುಗಿದ ಮೇಲೆ ಪ್ರಶ್ನೆ ಕೇಳಲು ಬರುವವರಿಗಾಗಿ ಅರ್ಧ ಗಂಟೆ ಕಾಯ್ದಿರಿಸಿ.